ಚಳಿಗಾಲದ ಒತ್ತಡ ಮತ್ತು ಸುಧಾರಣಾ ನೆರವಿನ ಲೆಕ್ಕ : ಇಂಗ್ಲೆಂಡಿನ ಆಸ್ಪತ್ರೆಗಳಿಂದ ಉದ್ಯಮಿಗಳಿಗೊಂದು ಪಾಠ

ಪೀಠಿಕೆ

ಸಂಕಷ್ಟದಲ್ಲಿರುವ ಸಂಸ್ಥೆಯೊಂದಕ್ಕೆ ಹೊರಗಿನಿಂದ ತಜ್ಞರ ನೆರವು ಬರುತ್ತದೆ. ಕೆಲವು ತಿಂಗಳ ನಂತರ ಸಂಸ್ಥೆಯ ಸ್ಥಿತಿ ಸುಧಾರಿಸುತ್ತದೆ. ನೆರವು ನೀಡಿದವರು ಸುಧಾರಣೆ ತಮ್ಮಿಂದಲೇ ಆಯಿತೆಂದು ವರದಿ ಬರೆಯುತ್ತಾರೆ. ಪಡೆದವರೂ ಸಂತೋಷದಿಂದ ಒಪ್ಪುತ್ತಾರೆ. ಮುಂದಿನ ವರ್ಷ ಅದೇ ನೆರವಿಗೆ ಇನ್ನಷ್ಟು ಹಣ ಮಂಜೂರಾಗುತ್ತದೆ. ಆದರೆ ನೆರವು ಬಾರದೇ ಇದ್ದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಈ ಸರಣಿಯಲ್ಲಿ ಬಹುಮಟ್ಟಿಗೆ ಯಾರೂ ಕೇಳಿರುವುದಿಲ್ಲ.

ಈ ಪ್ರಶ್ನೆಯನ್ನು ಅಂಕಿ ಅಂಶಗಳ ಸಹಿತ ಅಭ್ಯಾಸ ಮಾಡಲು ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳು ಉತ್ತಮ ಕ್ಷೇತ್ರವಾಗಿವೆ. ಅಲ್ಲಿ ಪ್ರತಿ ಚಳಿಗಾಲದಲ್ಲೂ ಆಸ್ಪತ್ರೆಗಳು ಇಕ್ಕಟ್ಟಿಗೆ ಸಿಲುಕುತ್ತವೆ, ಪ್ರತಿ ಚಳಿಗಾಲದಲ್ಲೂ ನೆರವಿನ ಯೋಜನೆಗಳು ಹೊರಡುತ್ತವೆ, ಫಲಿತಾಂಶದ ಅಂಕಿಗಳು ತಿಂಗಳು ತಿಂಗಳೂ ಪ್ರಕಟವಾಗುತ್ತವೆ. ಅಲ್ಲಿನ ಅನುಭವದಿಂದ ಲೆಕ್ಕದ ಯಾವ ಪಾಠ ಕಲಿಯಬಹುದು ಮತ್ತು ಅದು ನಮ್ಮ ಅಂಗಡಿ ಕಾರ್ಖಾನೆಗಳಿಗೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಚಳಿಗಾಲದಲ್ಲಿ ಆಗುವುದೇನು?

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯು 1948ರ ಜುಲೈ 5ರಂದು ಆರಂಭವಾಯಿತು. ಇದರ ವೆಚ್ಚವನ್ನು ಬಹುಪಾಲು ತೆರಿಗೆಯ ಹಣದಿಂದ ಭರಿಸಲಾಗುತ್ತದೆ. ರೋಗಿಯು ಆಸ್ಪತ್ರೆಯಲ್ಲಿ ಬಿಲ್ಲು ಕಟ್ಟಬೇಕಾಗಿಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಶೀತಜ್ವರ, ಉಸಿರಾಟದ ತೊಂದರೆಗಳು ಹೆಚ್ಚುತ್ತವೆ. ಹೀಗೆ ಬರುವವರಲ್ಲಿ ವೃದ್ಧರೇ ಅಧಿಕ; ಒಮ್ಮೆ ದಾಖಲಾದರೆ ಅವರು ಬೇಗ ಬಿಡುಗಡೆಯಾಗುವುದೂ ಇಲ್ಲ. ಚಿಕಿತ್ಸೆ ಮುಗಿದರೂ ಮನೆಯಲ್ಲಿ ಆರೈಕೆಯ ಏರ್ಪಾಡಾಗದೆ ಅನೇಕರು ಹಾಸಿಗೆಯಲ್ಲೇ ಉಳಿಯುತ್ತಾರೆ. ಒಳಗಿನ ಹಾಸಿಗೆ ತೆರವಾಗದಿದ್ದರೆ ತುರ್ತು ವಿಭಾಗದ ರೋಗಿ ವಾರ್ಡಿಗೆ ಹೋಗಲಾರ. ಅವನು ಹೋಗದಿದ್ದರೆ ಆಂಬುಲೆನ್ಸಿನ ರೋಗಿಯನ್ನು ಇಳಿಸಲಾಗದು. ಆಂಬುಲೆನ್ಸ್ ಆಸ್ಪತ್ರೆಯ ಮುಂದೆ ನಿಂತರೆ ಊರಿನಲ್ಲಿ ಹೃದಯಾಘಾತವಾದವನ ಮನೆಗೆ ಅದು ತಲುಪಲಾರದು.

ಉತ್ಪಾದನಾ ಘಟಕ ನಡೆಸುವವರಿಗೆ ಇದು ಪರಿಚಿತ ಚಿತ್ರವೇ. ಪ್ಯಾಕಿಂಗ್ ವಿಭಾಗದಲ್ಲಿ ಮಾಲು ಕಟ್ಟಿಕೊಂಡರೆ ಕಚ್ಚಾ ಮಾಲಿನ ಲಾರಿ ಗೇಟಿನಲ್ಲೇ ನಿಲ್ಲುತ್ತದೆ. 1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಗಣಿತಾಧಾರಿತ ಅಧ್ಯಯನವು, ಹಾಸಿಗೆ ಭರ್ತಿ ಪ್ರಮಾಣ ಶೇ. 85ನ್ನು ದಾಟಿದಾಗ ಅಪಾಯ ಗೋಚರಿಸತೊಡಗುವುದೆಂದೂ ಶೇ. 90ನ್ನು ದಾಟಿದರೆ ಹಾಸಿಗೆಗಳ ಅಭಾವ ಆಗಾಗ್ಗೆ ಮರುಕಳಿಸುವುದೆಂದೂ ತೋರಿಸಿತು. ಬೇಡಿಕೆ ದಿನದಿಂದ ದಿನಕ್ಕೆ ಏರಿಳಿಯುವ ಕಡೆ ಪೂರ್ಣ ಸಾಮರ್ಥ್ಯದ ಬಳಕೆಯನ್ನು ದಕ್ಷತೆ ಎನ್ನಲಾಗದು.

ಈ ಒತ್ತಡವನ್ನು ಅಳೆಯಲು ಬಳಸುವ ಪ್ರಮುಖ ಮಾನದಂಡ ನಾಲ್ಕು ಗಂಟೆಯ ನಿಯಮ. ತುರ್ತು ವಿಭಾಗಕ್ಕೆ ಬಂದ ರೋಗಿಯನ್ನು ನಾಲ್ಕು ಗಂಟೆಗಳೊಳಗೆ ದಾಖಲಿಸಬೇಕು, ಬೇರೆಡೆಗೆ ಕಳುಹಿಸಬೇಕು ಅಥವಾ ಮನೆಗೆ ಬಿಡಬೇಕು. ಶೇ. 98ರಷ್ಟಿದ್ದ ಗುರಿಯನ್ನು 2010ರಲ್ಲಿ ಶೇ. 95ಕ್ಕೆ ಇಳಿಸಲಾಯಿತು. ಇಡೀ ದೇಶದ ಮಟ್ಟದಲ್ಲಿ ಆ ಗುರಿಯನ್ನು ಕೊನೆಯ ಬಾರಿ ಮುಟ್ಟಿದ್ದು 2015ರ ಜುಲೈನಲ್ಲಿ.

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಐವತ್ತು ಲಕ್ಷಕ್ಕೂ ಅಧಿಕ ದಾಖಲಾತಿಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, ವಾರ್ಡಿಗೆ ಸೇರಬೇಕಾದ ರೋಗಿಗಳು ಬಂದ ಸಮಯದಿಂದ ಆರರಿಂದ ಎಂಟು ಗಂಟೆಗಿಂತ ಹೆಚ್ಚು ಕಾಯುವಂತಾದರೆ, ಅಂಥ ಪ್ರತಿ 82 ರೋಗಿಗಳಿಗೆ ಒಂದು ಹೆಚ್ಚುವರಿ ಸಾವು ಸಂಭವಿಸುತ್ತದೆ. ಆದ್ದರಿಂದ ಫಲ ನೀಡದ ನೆರವಿಗೆ ಹಣ ಸುರಿಯುವುದೂ ಫಲ ನೀಡುವ ನೆರವನ್ನು ಕೈಬಿಡುವುದೂ ಎರಡೂ ದುಬಾರಿ ತಪ್ಪುಗಳೇ.

ನೆರವಿನ ಸ್ವರೂಪ

2015ರಲ್ಲಿ ಇಂಗ್ಲೆಂಡಿನಲ್ಲಿ ತುರ್ತು ಚಿಕಿತ್ಸಾ ಸುಧಾರಣಾ ಕಾರ್ಯಕ್ರಮವೊಂದು ಆರಂಭವಾಯಿತು. ಅತ್ಯಂತ ಒತ್ತಡದಲ್ಲಿದ್ದ 28 ಪ್ರದೇಶಗಳ ಆರೋಗ್ಯ ವ್ಯವಸ್ಥೆಗಳಿಗೆ ಅನುಭವಿ ವೈದ್ಯರು, ದಾದಿಯರು ಹಾಗೂ ಆಡಳಿತಗಾರರ ತಂಡಗಳನ್ನು ಕಳುಹಿಸಲಾಯಿತು. 2023ರಲ್ಲಿ ಪ್ರದೇಶಗಳನ್ನು ಮೂರು ಶ್ರೇಣಿಗಳಾಗಿ ವಿಂಗಡಿಸಿ, ಮೊದಲ ಶ್ರೇಣಿಯವರಿಗೆ ಹೆಚ್ಚಿನ ನೆರವು ನೀಡುವ ಪದ್ಧತಿ ಬಂದಿತು.

ಇಂಥ ತಂಡಗಳು ಹೇಳುವ ಕ್ರಮಗಳು ಸರಳವಾದವು. ಪ್ರತಿ ರೋಗಿಯನ್ನೂ ಹಿರಿಯ ವೈದ್ಯರು ಬೆಳಗ್ಗೆಯೇ ನೋಡಬೇಕು. ದಾಖಲಾದಾಗಲೇ ಬಿಡುಗಡೆಯ ನಿರೀಕ್ಷಿತ ದಿನವನ್ನು ಬರೆದಿಡಬೇಕು. ಬಿಡುಗಡೆಯಾಗುವವರನ್ನು ಮಧ್ಯಾಹ್ನದೊಳಗೆ ಕಳುಹಿಸಬೇಕು. ಬಹುಕಾಲ ಉಳಿದವರ ಪಟ್ಟಿಯನ್ನು ವಾರಕ್ಕೊಮ್ಮೆ ಪರಿಶೀಲಿಸಬೇಕು. ರೋಗಿಯ ಗುಣಮುಖಕ್ಕೆ ನೆರವಾದ ದಿನವನ್ನು ಹಸಿರೆಂದೂ, ಸ್ಕ್ಯಾನಿಗೋ ಸಹಿಗೋ ಕಾದು ವ್ಯರ್ಥವಾದ ದಿನವನ್ನು ಕೆಂಪೆಂದೂ ಗುರುತಿಸಬೇಕು. ಇವೆಲ್ಲ ವಿವೇಕದ ಕ್ರಮಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ವಿವೇಕದಂತೆ ತೋರುವ ಕ್ರಮ ಫಲವನ್ನೂ ಕೊಟ್ಟಿತೇ ಎಂಬುದನ್ನು ಲೆಕ್ಕವೇ ಹೇಳಬೇಕು.

ಮೊದಲನೆಯ ದೋಷ : ಆಧಾರ ತಿಂಗಳ ಆಯ್ಕೆ

2022ರ ಡಿಸೆಂಬರಿನಲ್ಲಿ ಶೀತಜ್ವರ ಮತ್ತು ಕೋವಿಡ್ ಎರಡೂ ಒಟ್ಟಿಗೆ ಏರಿದವು. ದಾದಿಯರ ಹಾಗೂ ಆಂಬುಲೆನ್ಸ್ ನೌಕರರ ಮುಷ್ಕರಗಳೂ ನಡೆದವು. ಆ ತಿಂಗಳು ನಾಲ್ಕು ಗಂಟೆಯೊಳಗೆ ಚಿಕಿತ್ಸೆ ಮುಗಿದವರ ಪ್ರಮಾಣ ಶೇ. 65.0ಕ್ಕೆ ಕುಸಿಯಿತು. ಹೃದಯಾಘಾತ, ಪಾರ್ಶ್ವವಾಯು ಮುಂತಾದ ಎರಡನೆಯ ವರ್ಗದ ಕರೆಗಳಿಗೆ ಆಂಬುಲೆನ್ಸ್ ತಲುಪಲು ಸರಾಸರಿ ಒಂದೂವರೆ ಗಂಟೆಗೂ ಹೆಚ್ಚು ಕಾಲ ಹಿಡಿಯಿತು. 2023ರ ಜನವರಿ 30ರಂದು ಸರ್ಕಾರವು ಚೇತರಿಕೆ ಯೋಜನೆಯನ್ನು ಪ್ರಕಟಿಸಿತು: 100 ಕೋಟಿ ಪೌಂಡ್ ನಿಧಿ, 5,000 ಹೆಚ್ಚುವರಿ ಹಾಸಿಗೆಗಳು, 800 ಹೊಸ ಆಂಬುಲೆನ್ಸ್‌ಗಳು, ಮತ್ತು 2024ರ ಮಾರ್ಚ್ ವೇಳೆಗೆ ಶೇ. 76ರ ಗುರಿ. 2024ರ ಮಾರ್ಚಿನಲ್ಲಿ ಶೇ. 74.2 ಸಾಧನೆಯಾಯಿತು.

ಹಾಗಾದರೆ ಯೋಜನೆಯಿಂದಾದ ಸುಧಾರಣೆ ಎಷ್ಟು? ಆಧಾರ ತಿಂಗಳು ಬದಲಾದಂತೆ ಉತ್ತರವೂ ಬದಲಾಗುತ್ತದೆ:

(ಅ) 2022ರ ಡಿಸೆಂಬರ್ (65.0) ಆಧಾರವಾದರೆ ಏರಿಕೆ 9.2 ಅಂಶ.
(ಆ) 2023ರ ಜನವರಿ (72.4) ಆಧಾರವಾದರೆ ಏರಿಕೆ 1.8 ಅಂಶ.
(ಇ) 2023ರ ಮಾರ್ಚ್ (71.5) ಆಧಾರವಾದರೆ ಏರಿಕೆ 2.7 ಅಂಶ.

ಡಿಸೆಂಬರಿನಿಂದ ಜನವರಿಗೆ, ಒಂದೇ ತಿಂಗಳಿನಲ್ಲಿ, 7.4 ಅಂಶಗಳ ಏರಿಕೆಯಾಗಿದೆ. ಆಂಬುಲೆನ್ಸಿನ ಸರಾಸರಿ ಸಮಯವೂ ಅದೇ ಅವಧಿಯಲ್ಲಿ ಸುಮಾರು 32 ನಿಮಿಷಕ್ಕೆ ಇಳಿದಿದೆ. ಯೋಜನೆ ಪ್ರಕಟವಾದದ್ದು ಆ ಜನವರಿಯ ಕೊನೆಗೆ. ಜ್ವರದ ಅಲೆ ತಗ್ಗಿದ್ದರಿಂದಲೇ ಬಹುಪಾಲು ಚೇತರಿಕೆ ಆಗಿಹೋಗಿತ್ತು. ಅದೇ ಯೋಜನೆ ಒಂದು ತಿಂಗಳು ಮೊದಲು ಪ್ರಕಟವಾಗಿದ್ದರೆ, ಈ ಚೇತರಿಕೆಯೆಲ್ಲ ಅದರ ಜಮೆಗೆ ಬೀಳುತ್ತಿತ್ತು.

ಮಾರ್ಚಿಗೆ ಮಾರ್ಚನ್ನು ಹೋಲಿಸುವುದು ಹೆಚ್ಚು ನ್ಯಾಯವಾದದ್ದು. ಅದೂ ಸಂಪೂರ್ಣ ನಿರ್ದುಷ್ಟವಲ್ಲ. 2023ರ ಮಾರ್ಚಿನಲ್ಲಿ ಕಿರಿಯ ವೈದ್ಯರ ಮೂರು ದಿನಗಳ ಮುಷ್ಕರವಿತ್ತು. 2024ರ ಮಾರ್ಚಿನಲ್ಲಿ ಇರಲಿಲ್ಲ. ಮೇಲಾಗಿ 2024ರ ಮಾರ್ಚ್ ಗುರಿಯ ತಿಂಗಳು. ಮಾರ್ಚ್ ಅಂತ್ಯಕ್ಕೆ ಮಾರಾಟದ ಅಂಕಿ ಹೇಗೆ ಉಬ್ಬುತ್ತದೆ ಎಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ನಮ್ಮ ವ್ಯಾಪಾರದಲ್ಲಿ ಆಷಾಢಕ್ಕೂ ಶ್ರಾವಣಕ್ಕೂ ಇರುವ ಸಂಬಂಧ ಇಂಥದ್ದೇ. ಆಷಾಢದಲ್ಲಿ ಜವಳಿ, ಚಿನ್ನ, ಗೃಹೋಪಯೋಗಿ ವಸ್ತುಗಳ ಮಾರಾಟ ಕುಗ್ಗುತ್ತದೆ. ಶ್ರಾವಣದಲ್ಲಿ ತಾನಾಗಿ ಚೇತರಿಸುತ್ತದೆ. ಆಷಾಢದಲ್ಲಿ ನೇಮಿಸಿದ ಸಲಹೆಗಾರನನ್ನು ಶ್ರಾವಣದ ಮಾರಾಟದಿಂದ ಅಳೆದರೆ ಅವನು ಸೋಲುವುದೇ ಇಲ್ಲ. ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸುವಾಗಲೂ ಎಚ್ಚರ ಬೇಕು. 2023ರಲ್ಲಿ ಅಧಿಕ ಶ್ರಾವಣ ಬಂದದ್ದರಿಂದ ನಿಜ ಶ್ರಾವಣ ಆಗಸ್ಟ್ ಮಧ್ಯಕ್ಕೆ ಸರಿಯಿತು. ಆ ಆಗಸ್ಟನ್ನು 2022ರ ಆಗಸ್ಟಿಗೆ ನೇರವಾಗಿ ಹೋಲಿಸುವುದು ಸಲ್ಲದು. ಇಂಗ್ಲೆಂಡಿನ ಶೀತಜ್ವರವೂ ಹೀಗೆಯೇ. ಒಂದು ವರ್ಷ ಡಿಸೆಂಬರಿನಲ್ಲಿ ಶಿಖರ ಮುಟ್ಟಿದರೆ ಮತ್ತೊಂದು ವರ್ಷ ಫೆಬ್ರವರಿಯಲ್ಲಿ.

ಎರಡನೆಯ ದೋಷ : ಅತಿ ಕೆಟ್ಟವರನ್ನೇ ಆರಿಸುವುದು

ನೆರವು ಅತ್ಯಂತ ಕಷ್ಟದಲ್ಲಿರುವವರಿಗೆ ಸಲ್ಲಬೇಕೆಂಬುದು ನ್ಯಾಯ. ಆದರೆ ಇದೇ ನ್ಯಾಯ ಲೆಕ್ಕವನ್ನು ಕೆಡಿಸುತ್ತದೆ. ಯಾವುದೇ ಸಂಸ್ಥೆಯ ಸಾಧನೆಯಲ್ಲಿ ಸ್ಥಿರವಾದ ಅಂಶವೂ ಆಕಸ್ಮಿಕದ ಅಂಶವೂ ಕೂಡಿರುತ್ತವೆ. ಅತಿ ಕೆಳಗೆ ಬಿದ್ದವರಲ್ಲಿ ಆ ತಿಂಗಳ ದುರದೃಷ್ಟದ ಪಾಲು ಹೆಚ್ಚಿರುತ್ತದೆ. ಮುಂದಿನ ಬಾರಿ ಅಷ್ಟೇ ದುರದೃಷ್ಟ ಒದಗುವ ಸಂಭವ ಕಡಿಮೆಯಾದ್ದರಿಂದ ಅವರು ತಾವಾಗಿಯೇ ಮೇಲೇಳುತ್ತಾರೆ. ಇದನ್ನು ಸಂಖ್ಯಾಶಾಸ್ತ್ರದಲ್ಲಿ ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿಸ್ ಗಾಲ್ಟನ್, ತಂದೆತಾಯಿ ಮತ್ತು ಮಕ್ಕಳ ಎತ್ತರಗಳನ್ನು ಹೋಲಿಸಿ ಇದನ್ನು ಗುರುತಿಸಿದ.

ಇದರ ಪ್ರಮಾಣ ಎಷ್ಟು ದೊಡ್ಡದೆಂಬುದಕ್ಕೆ 2005ರ ಒಂದು ಅಧ್ಯಯನ ಸಾಕ್ಷಿ. ಒಂದು ವರ್ಷದಲ್ಲಿ ಎರಡು ಅಥವಾ ಹೆಚ್ಚು ಬಾರಿ ತುರ್ತಾಗಿ ದಾಖಲಾದ 65 ವರ್ಷ ಮೇಲ್ಪಟ್ಟವರನ್ನು ಪರಿಶೀಲಿಸಲಾಯಿತು. ಆ ವಯಸ್ಸಿನವರ ತುರ್ತು ದಾಖಲಾತಿಗಳಲ್ಲಿ ಶೇ. 38 ಇವರದಾಗಿತ್ತು. ಮರುವರ್ಷ ಇದೇ ಜನರ ಪಾಲು ಶೇ. 10ಕ್ಕಿಂತ ಕಡಿಮೆಯಾಯಿತು. ಇವರಿಗಾಗಿ ಯಾವ ಹೊಸ ಕಾರ್ಯಕ್ರಮವನ್ನೂ ನಡೆಸಿರಲಿಲ್ಲ. ನಡೆಸಿದ್ದಿದ್ದರೆ, ಅದು ಅದ್ಭುತ ಯಶಸ್ಸೆಂದು ಘೋಷಿಸಲ್ಪಡುತ್ತಿತ್ತು.

ಅಂಥದ್ದೊಂದು ಪ್ರಸಂಗ ನಿಜವಾಗಿಯೂ ನಡೆದಿದೆ. ಅಮೆರಿಕದ ಮಾದರಿಯನ್ನು ಅನುಸರಿಸಿದ ಎವರ್‌ಕೇರ್ ಎಂಬ ಯೋಜನೆಯನ್ನು 2003ರಿಂದ ಇಂಗ್ಲೆಂಡಿನ ಒಂಬತ್ತು ಪ್ರದೇಶಗಳಲ್ಲಿ ಪ್ರಯೋಗಿಸಲಾಯಿತು. ದುರ್ಬಲ ವೃದ್ಧರನ್ನು ಗುರುತಿಸಿ, ಅನುಭವಿ ದಾದಿಯರು ಮನೆಗೇ ಹೋಗಿ ಆರೈಕೆ ಮಾಡುವುದು ಇದರ ಕ್ರಮ. ರೋಗಿಗಳು ಮನಸಾರೆ ಮೆಚ್ಚಿದರು. ಮೌಲ್ಯಮಾಪನದ ಅಂತಿಮ ಫಲಿತಾಂಶ ಬರುವ ಮೊದಲೇ ದೇಶದಾದ್ಯಂತ ಇಂಥ 3,000 ದಾದಿಯರನ್ನು ನೇಮಿಸುವ ಗುರಿಯನ್ನು ಸರ್ಕಾರ ಇಟ್ಟುಕೊಂಡಿತು. 2007ರಲ್ಲಿ ಫಲಿತಾಂಶ ಪ್ರಕಟವಾದಾಗ, ಇತರ ಪ್ರದೇಶಗಳಿಗೆ ಹೋಲಿಸಿದರೆ ತುರ್ತು ದಾಖಲಾತಿಗಳಲ್ಲಿ ಗಣನೀಯ ಇಳಿಕೆ ಕಂಡುಬರಲಿಲ್ಲ. ಆರೈಕೆ ಒಳ್ಳೆಯದಾಗಿತ್ತು ಎಂಬುದು ನಿಜ. ಹಾಸಿಗೆಗಳು ಉಳಿಯುತ್ತವೆಂಬ ನಿರೀಕ್ಷೆ ಮಾತ್ರ ಫಲಿಸಲಿಲ್ಲ.

ಸರಿಯಾದ ಕ್ರಮ : ಹೋಲಿಕೆಯ ಕಾಲಮ್ಮು

ಪರಿಹಾರವು ಲೆಕ್ಕಿಗರಿಗೆ ಹೊಸತಲ್ಲ. ವರದಿಯಲ್ಲಿ ಇನ್ನೊಂದು ಕಾಲಮ್ಮನ್ನು ಸೇರಿಸಬೇಕು: ನೆರವು ಪಡೆಯದ, ಆದರೆ ಅಷ್ಟೇ ಕಷ್ಟದಲ್ಲಿದ್ದ ಸಂಸ್ಥೆಗಳ ಅಂಕಿ. ಕಾಲ್ಪನಿಕ ಉದಾಹರಣೆಯೊಂದನ್ನು ನೋಡೋಣ. ನೆರವು ಪಡೆದ ಆಸ್ಪತ್ರೆಗಳು ಶೇ. 62ರಿಂದ 71ಕ್ಕೆ ಏರಿದವು, ಅಂದರೆ 9 ಅಂಶ. ಅವುಗಳಂತೆಯೇ ಇದ್ದ, ನೆರವಿಲ್ಲದ ಆಸ್ಪತ್ರೆಗಳು ಶೇ. 63ರಿಂದ 69ಕ್ಕೆ ಏರಿದವು, ಅಂದರೆ 6 ಅಂಶ. ನೆರವಿನ ಜಮೆಗೆ ಹೋಗಬೇಕಾದದ್ದು 3 ಅಂಶ ಮಾತ್ರ. ಉಳಿದ 6 ಅಂಶ ಋತುವಿನದು, ಕಾಲದ್ದು, ಆಕಸ್ಮಿಕದ್ದು. ಈ ಲೆಕ್ಕ ನಿಲ್ಲಬೇಕಾದರೆ ಎರಡೂ ಗುಂಪುಗಳು ಹಿಂದಿನ ವರ್ಷಗಳಲ್ಲಿ ಜೊತೆಜೊತೆಯಾಗಿ ಏರಿಳಿದಿದ್ದವೆಂಬುದನ್ನು ಮೊದಲು ತೋರಿಸಬೇಕು.

ಈ ಕ್ರಮದಿಂದ ಒಳ್ಳೆಯ ನೆರವು ಗೆದ್ದು ಬರುವುದೂ ಉಂಟು. ನಾಟಿಂಗ್‌ಹ್ಯಾಮ್ ಸಮೀಪದ ರಶ್‌ಕ್ಲಿಫ್‌ನಲ್ಲಿ ವೃದ್ಧರ ಆರೈಕೆ ಗೃಹಗಳಿಗೆ ನಿಯತ ವೈದ್ಯರ ಭೇಟಿ ಮೊದಲಾದ ಹೆಚ್ಚಿನ ಬೆಂಬಲ ನೀಡಲಾಯಿತು. ಬೇರೆ ಪ್ರದೇಶಗಳಲ್ಲಿ ವಯಸ್ಸು, ಕಾಯಿಲೆ, ಹಿಂದಿನ ದಾಖಲಾತಿ ಎಲ್ಲದರಲ್ಲೂ ಇವರನ್ನೇ ಹೋಲುವ ನಿವಾಸಿಗಳನ್ನು ಆರಿಸಿ ಹೋಲಿಸಿದಾಗ, ರಶ್‌ಕ್ಲಿಫ್‌ನವರ ತುರ್ತು ದಾಖಲಾತಿಗಳು ಶೇ. 23ರಷ್ಟೂ ತುರ್ತು ವಿಭಾಗದ ಭೇಟಿಗಳು ಶೇ. 29ರಷ್ಟೂ ಕಡಿಮೆಯಿದ್ದವು. 2017ರಲ್ಲಿ ಪ್ರಕಟವಾದ ಈ ವರದಿಯ ಬೆಲೆ ಅದರ ಹೋಲಿಕೆಯಲ್ಲಿದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ರೋಗಿಗಳು ಸಾಯುತ್ತಿರುವಾಗ ಹೋಲಿಕೆಗಾಗಿ ಕೆಲವರಿಗೆ ನೆರವನ್ನು ತಡೆಹಿಡಿಯುವುದು ಸರಿಯೇ? ತಡೆಹಿಡಿಯಬೇಕಾಗಿಯೇ ಇಲ್ಲ. ನೆರವಿನ ತಂಡಗಳು ಮಿತವಾಗಿರುವುದರಿಂದ ಎಲ್ಲರಿಗೂ ಒಂದೇ ದಿನ ನೀಡಲು ಹೇಗೂ ಸಾಧ್ಯವಿಲ್ಲ. ಸಮಾನ ಕಷ್ಟದಲ್ಲಿರುವವರ ನಡುವೆ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಿದರೆ ಸಾಕು. ಮೊದಲು ಪಡೆದವರಿಗೆ ನಂತರ ಪಡೆಯುವವರೇ ಹೋಲಿಕೆಯಾಗುತ್ತಾರೆ. ಕೊನೆಗೆ ಯಾರೂ ವಂಚಿತರಾಗುವುದಿಲ್ಲ. ಪ್ರಭಾವ ಶಾಲಿಗಳಿಗೆ ಮೊದಲು ಎಂಬ ಪದ್ಧತಿಗಿಂತ ಇದು ಹೆಚ್ಚು ನ್ಯಾಯವೂ ಹೌದು.

ಮೂರನೆಯ ದೋಷ : ಒತ್ತಡದ ವರ್ಗಾವಣೆ

ಒಂದು ಖಾತೆಯ ಸಾಲವನ್ನು ಇನ್ನೊಂದು ಖಾತೆಗೆ ವರ್ಗಾಯಿಸಿದರೆ ಸಾಲ ತೀರಿದಂತಾಗುವುದಿಲ್ಲ. 2018ರ ಜನವರಿಯಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಿಗೆ ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು ಆ ತಿಂಗಳ ಅಂತ್ಯದವರೆಗೆ ಮುಂದೂಡುವಂತೆ ಸೂಚಿಸಲಾಯಿತು. ಇದರಿಂದ ಹಾಸಿಗೆಗಳು ತೆರವಾಗುತ್ತವೆ. ಆದರೆ ಮಂಡಿ ಕೀಲಿನ ಶಸ್ತ್ರಚಿಕಿತ್ಸೆಗೆ ಕಾದಿದ್ದವರ ನೋವು ಬೇರೊಂದು ಪಟ್ಟಿಯಲ್ಲಿ ಸೇರುತ್ತದೆ. ತುರ್ತು ವಿಭಾಗದ ಅಂಕಿ ಮಾತ್ರ ನೋಡುವವರಿಗೆ ಅದು ಕಾಣದು.

ಗಡಿಯಾರ ಎಲ್ಲಿಂದ ಆರಂಭವಾಗುತ್ತದೆಂಬುದೂ ಮುಖ್ಯ. ಹನ್ನೆರಡು ಗಂಟೆಗೂ ಹೆಚ್ಚು ಕಾದವರ ಅಂಕಿಯನ್ನು ಬಹುಕಾಲ, ದಾಖಲಿಸಿಕೊಳ್ಳುವ ತೀರ್ಮಾನವಾದ ಕ್ಷಣದಿಂದ ಎಣಿಸಲಾಗುತ್ತಿತ್ತು. ಆ ಎಣಿಕೆಯಲ್ಲೂ 2022ರ ಡಿಸೆಂಬರಿನಲ್ಲಿ 54,000ಕ್ಕೂ ಹೆಚ್ಚು ಜನರಿದ್ದರು. ರೋಗಿ ಬಾಗಿಲೊಳಗೆ ಕಾಲಿಟ್ಟ ಕ್ಷಣದಿಂದ ಎಣಿಸಿದ ಅಂಕಿಗಳು 2023ರಿಂದ ನಿಯತವಾಗಿ ಪ್ರಕಟವಾಗತೊಡಗಿದಾಗ ಸಂಖ್ಯೆ ಬಹಳ ಹೆಚ್ಚಾಗಿ ಕಂಡಿತು.

ಇದರಿಂದ ಗುರಿಗಳೇ ವ್ಯರ್ಥವೆಂದು ತೀರ್ಮಾನಿಸಬಾರದು. ನಾಲ್ಕು ಗಂಟೆ ಮುಗಿಯುವ ಕೊನೆಯ ನಿಮಿಷಗಳಲ್ಲಿ ರೋಗಿಗಳನ್ನು ಅವಸರದಿಂದ ಸಾಗಿಸುವ ಪ್ರವೃತ್ತಿ ಅಂಕಿಗಳಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನೇ ಬಳಸಿಕೊಂಡು ಅರ್ಥಶಾಸ್ತ್ರಜ್ಞರಾದ ಗ್ರೂಬರ್, ಹೋ ಮತ್ತು ಸ್ಟೋಯ್ ನಡೆಸಿದ ಅಧ್ಯಯನವು, ಗುರಿಯ ಪರಿಣಾಮಕ್ಕೆ ಒಳಗಾದ ರೋಗಿಗಳಲ್ಲಿ 30 ದಿನಗಳೊಳಗಿನ ಮರಣ ಶೇ. 14ರಷ್ಟು ಕಡಿಮೆಯಾಯಿತೆಂದು ಅಂದಾಜಿಸಿತು. ಅನುಮಾನದಿಂದ ನೋಡಿದ ಕ್ರಮವೂ ಸರಿಯಾದ ಹೋಲಿಕೆಯ ಮುಂದೆ ಗೆಲ್ಲಬಹುದು.

ವೆಚ್ಚ ಮತ್ತು ಕಾಲಾವಧಿ

ನೆರವಿನ ವೆಚ್ಚವೆಂದರೆ ಸಲಹೆಗಾರರ ಸಂಭಾವನೆ ಮಾತ್ರವಲ್ಲ. ಸಭೆಗಳಲ್ಲಿ ಕುಳಿತ ವೈದ್ಯರ ಮತ್ತು ದಾದಿಯರ ಸಮಯ, ವಾರವಾರ ತುಂಬುವ ತಃಖ್ತೆಗಳು, ಬದಿಗಿಟ್ಟ ಇತರ ಕೆಲಸಗಳು ಎಲ್ಲವೂ ಖರ್ಚಿನ ಬದಿಗೇ ಬರಬೇಕು. ಅತ್ಯಂತ ದಣಿದ ತಿಂಗಳುಗಳಲ್ಲಿ ಈ ಖರ್ಚು ಅತ್ಯಂತ ಭಾರವಾಗಿರುತ್ತದೆ.

ಉಳಿತಾಯದ ಬದಿಯಲ್ಲೂ ಎಚ್ಚರ ಬೇಕು. ನೂರು ಹಾಸಿಗೆ-ದಿನಗಳು ಉಳಿದವೆಂದು ಸರಾಸರಿ ವೆಚ್ಚದಿಂದ ಗುಣಿಸಿ ಇಷ್ಟು ಹಣ ಉಳಿಯಿತೆನ್ನುವುದು ತಪ್ಪು. ದಾದಿಯರ ಸಂಬಳ, ಕಟ್ಟಡ, ಯಂತ್ರಗಳ ಸ್ಥಿರ ವೆಚ್ಚ ಹಾಗೆಯೇ ಇರುತ್ತದೆ. ತೆರವಾದ ಹಾಸಿಗೆಗೆ ಅಂದೇ ಮತ್ತೊಬ್ಬ ರೋಗಿ ಬರುತ್ತಾನೆ. ಅಲ್ಲಿ ಉಳಿದದ್ದು ನಗದಲ್ಲ, ಸಾಮರ್ಥ್ಯ. ಅದರ ಬೆಲೆ ಮತ್ತೊಬ್ಬನ ಚಿಕಿತ್ಸೆಯಲ್ಲಿದೆ. ಅದನ್ನು ಹಾಗೆಯೇ ತೋರಿಸಬೇಕು.

ಅವಸರದ ತೀರ್ಪೂ ಸಲ್ಲದು. ಮಿಡ್ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ಆಸ್ಪತ್ರೆ ಮತ್ತು ಸಮುದಾಯ ಆರೈಕೆಯನ್ನು ಜೋಡಿಸುವ ಕಾರ್ಯಕ್ರಮವನ್ನು ಆರು ವರ್ಷಗಳ ಕಾಲ ಹೋಲಿಕೆಯೊಡನೆ ಪರಿಶೀಲಿಸಿದಾಗ, ಆರಂಭದ ವರ್ಷಗಳಲ್ಲಿ ಆಸ್ಪತ್ರೆಯ ಬಳಕೆ ತಗ್ಗಲಿಲ್ಲ. ಇಳಿಕೆ ಕಂಡದ್ದು ನಂತರದ ವರ್ಷಗಳಲ್ಲಿ. ಒಂದೇ ಚಳಿಗಾಲದ ಅಂಕಿಯಿಂದ ತೀರ್ಪು ಕೊಟ್ಟಿದ್ದರೆ ಅದು ರದ್ದಾಗಬೇಕಾಗಿತ್ತು.

ನಮ್ಮ ಉದ್ಯಮಗಳಿಗೆ ಅನ್ವಯ

ಈ ಪಾಠ ಆಸ್ಪತ್ರೆಗಳಿಗೆ ಸೀಮಿತವಲ್ಲವೆಂಬುದಕ್ಕೆ ನಮ್ಮ ದೇಶದಲ್ಲೇ ಪ್ರಮಾಣವಿದೆ. ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು 2008ರಿಂದ ಮುಂಬಯಿ ಸಮೀಪದ 17 ಜವಳಿ ಸಂಸ್ಥೆಗಳ ಘಟಕಗಳಲ್ಲಿ ಪ್ರಯೋಗ ನಡೆಸಿದರು. ಎರಡೂ ಗುಂಪುಗಳಿಗೆ ಒಂದು ತಿಂಗಳ ತಪಾಸಣೆ ದೊರೆಯಿತು. ಆಕಸ್ಮಿಕವಾಗಿ ಆರಿಸಿದ ಗುಂಪಿಗೆ ಮಾತ್ರ ಇನ್ನೂ ನಾಲ್ಕು ತಿಂಗಳ ಸಲಹೆ ಸಂದಿತು. ದೋಷಗಳನ್ನು ದಿನವೂ ಬರೆದಿಡುವುದು, ನೂಲಿನ ದಾಸ್ತಾನನ್ನು ಜೋಡಿಸಿಡುವುದು, ಯಂತ್ರಗಳ ನಿಯತ ನಿರ್ವಹಣೆ ಇವೇ ಅಲ್ಲಿನ ಸಲಹೆಗಳು. ಸಲಹೆ ಪಡೆದವರ ಉತ್ಪಾದಕತೆ ಮೊದಲ ವರ್ಷದಲ್ಲೇ ಶೇ. 17ರಷ್ಟು ಹೆಚ್ಚಿತು. ಹಲವು ವರ್ಷಗಳ ನಂತರ ಮತ್ತೆ ನೋಡಿದಾಗ ಸುಮಾರು ಅರ್ಧದಷ್ಟು ಪದ್ಧತಿಗಳು ಕೈಬಿಟ್ಟುಹೋಗಿದ್ದವು. ಆದರೂ ಸಲಹೆ ಪಡೆದವರು ಮುಂದೆಯೇ ಇದ್ದರು. ಹೋಲಿಕೆಯ ಗುಂಪು ಇದ್ದುದರಿಂದಲೇ ಈ ಮಾತನ್ನು ಧೈರ್ಯದಿಂದ ಹೇಳಲು ಸಾಧ್ಯವಾಗಿದೆ.

ಸಲಹೆಗಾರರನ್ನೋ, ಹೊಸ ತಂತ್ರಾಂಶವನ್ನೋ, ಗುಣಮಟ್ಟದ ಯೋಜನೆಯನ್ನೋ ಸ್ವೀಕರಿಸುವ ಮುನ್ನ ಸದಸ್ಯರು ಕೆಳಗಿನ ಅಂಶಗಳನ್ನು ಬರೆದಿಟ್ಟುಕೊಳ್ಳುವುದು ಹಿತಕರ:

1. ಯಾವ ಅಂಕಿಯಿಂದ ಫಲವನ್ನು ಅಳೆಯುತ್ತೇವೆ, ಅದರ ಎಣಿಕೆ ಎಲ್ಲಿಂದ ಆರಂಭ ಎಂಬುದನ್ನು ಕೆಲಸ ಶುರುವಾಗುವ ಮೊದಲೇ ನಿರ್ಧರಿಸಬೇಕು.
2. ಆಧಾರವಾಗಿ ಅತಿ ಕೆಟ್ಟ ತಿಂಗಳನ್ನು ಹಿಡಿಯದೆ, ಎರಡು ಮೂರು ವರ್ಷಗಳ ಅದೇ ಋತುವಿನ ಸರಾಸರಿಯನ್ನು ಹಿಡಿಯಬೇಕು.
3. ಎರಡು ಶಾಖೆ ಅಥವಾ ಎರಡು ಯಂತ್ರಸಾಲುಗಳಿದ್ದರೆ ಒಂದರಲ್ಲಿ ಮೊದಲು, ಇನ್ನೊಂದರಲ್ಲಿ ಕೆಲವು ತಿಂಗಳ ನಂತರ ಜಾರಿಗೊಳಿಸಬೇಕು. ಒಂದೇ ಇದ್ದರೆ ಅದೇ ಬಗೆಯ ನೆರೆಯ ವ್ಯಾಪಾರದ ಏರಿಳಿತವನ್ನಾದರೂ ಗಮನಿಸಬೇಕು.
4. ದಾಸ್ತಾನು ಇಳಿದರೆ ಸಾಲದು. ಅದು ಸರಬರಾಜುದಾರರ ಗೋದಾಮಿಗೋ ಗ್ರಾಹಕರ ಬಾಕಿಗೋ ವರ್ಗವಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.
5. ತಮ್ಮ ಮತ್ತು ಕೆಲಸಗಾರರ ಸಮಯವನ್ನೂ ವೆಚ್ಚದಲ್ಲಿ ಸೇರಿಸಬೇಕು.
6. ಸಲಹೆಗಾರರು ಹೋದ ಒಂದು ವರ್ಷದ ನಂತರ ಮತ್ತೊಮ್ಮೆ ಅಳೆಯಬೇಕು.

ಉಪಸಂಹಾರ

ಕಷ್ಟಕಾಲದಲ್ಲಿ ಬಂದ ನೆರವಿನ ಬಗ್ಗೆ ಕೃತಜ್ಞತೆ ಸಹಜ. ಆದರೆ ಕೃತಜ್ಞತೆ ಲೆಕ್ಕಪತ್ರವಲ್ಲ. ಚಳಿಗಾಲ ಕಳೆದರೆ ಆಸ್ಪತ್ರೆಗಳು ಹಗುರಾಗುತ್ತವೆ, ಆಷಾಢ ಕಳೆದರೆ ಅಂಗಡಿಗಳು ತುಂಬುತ್ತವೆ. ತಾನಾಗಿ ಬರುವ ಆ ಚೇತರಿಕೆಯನ್ನು ಕಳೆದು ಉಳಿಯುವ ಶೇಷವೇ ನೆರವಿನ ನಿಜವಾದ ಗಳಿಕೆ. ಆ ಶೇಷ ಚಿಕ್ಕದಾಗಿದ್ದರೂ ನಿಜವಾಗಿದ್ದರೆ ಅದಕ್ಕೆ ಹಣ ತೊಡಗಿಸಬೇಕು. ಶೂನ್ಯವಾಗಿದ್ದರೆ ಎಷ್ಟೇ ಸದುದ್ದೇಶದ ನೆರವಾದರೂ ಆ ಹಣವನ್ನು ಫಲ ನೀಡುವ ಕಡೆಗೆ ತಿರುಗಿಸಬೇಕು.